ಅಟ್ಟದ ಮೇಲಿನ ಕಬ್ಬಿಣ

ಯುಗಾದಿ ಹತ್ತಿರ ಬಂತೆಂದರೆ ಹಳ್ಳಿಯ ಮನೆಗಳಲ್ಲಿ ಸುಣ್ಣಬಣ್ಣದ ಗಡಿಬಿಡಿ. ಅಟ್ಟದ ಮೇಲಿನ ಸಾಮಾನುಗಳೆಲ್ಲ ಒಮ್ಮೆ ಅಂಗಳಕ್ಕೆ ಇಳಿಯುತ್ತವೆ. ತೂತು ಬಿದ್ದ ಹಂಡೆ, ಅಂಚು ಕಿತ್ತ ಮೊರ, ತುಕ್ಕು ಹಿಡಿದ ಸರಪಳಿಗಳ ನಡುವೆ ಮನೆಮಂದಿಗೆಲ್ಲ ಒಗಟಾಗುವ ವಸ್ತು ಒಂದಾದರೂ ಇದ್ದೇ ಇರುತ್ತದೆ. ಹುಡುಗರು ಅದನ್ನು ಎತ್ತಿ ತಿರುಗಿಸಿ ನೋಡುತ್ತಾರೆ. 'ಇದೇನಪ್ಪಾ?' ಎಂದು ಕೇಳುತ್ತಾರೆ. 'ಯಾವುದೋ ಹಳೇ ಕಬ್ಬಿಣ ಕಣೋ, ಗುಜರಿಯವನು ಬಂದರೆ ಹಾಕು' ಎಂಬ ಉತ್ತರ ಬರುತ್ತದೆ. ಗುಜರಿಯವನ ತಕ್ಕಡಿಗೆ ಎಲ್ಲ ಕಬ್ಬಿಣವೂ ಒಂದೇ. ಅಲ್ಲಿಗೆ ಒಗಟೂ ಹೋಯಿತು, ಉತ್ತರವೂ ಹೋಯಿತು.

ಜಗಳೂರು ಕಡೆಯ ಅಟ್ಟಗಳಿಂದ ಇಳಿಯುವ ಒಂದು ವಸ್ತುವನ್ನೇ ನೋಡಿ. ಕಬ್ಬಿಣದ ಒಂದು ಬಳೆ. ಅದರ ಸುತ್ತ ಗೊಂಚಲು ಗೊಂಚಲಾಗಿ ತೂಗುವ ಕೊಕ್ಕೆಗಳು. ನೆತ್ತಿಯಲ್ಲಿ ಹಗ್ಗ ಕಟ್ಟಲು ಒಂದು ಕೊಂಡಿ. ಇದು ಮಾಂಸ ತೂಗುಹಾಕುವುದಕ್ಕೆ ಎಂದು ಒಬ್ಬ ಹುಡುಗ ಹೇಳಿದರೆ ಮೀನು ಹಿಡಿಯುವುದಕ್ಕೆ ಎಂದು ಇನ್ನೊಬ್ಬ ಹೇಳುತ್ತಾನೆ. ಇಬ್ಬರ ಊಹೆಯೂ ದಡ್ಡತನದ್ದಲ್ಲ. ಆದರೆ ವಸ್ತುವನ್ನು ಇನ್ನೂ ಸ್ವಲ್ಪ ಹೊತ್ತು ನೋಡಬೇಕು. ಎಲ್ಲಿಯೂ ಹರಿತವಾದ ಅಂಚಿಲ್ಲ. ಆದ್ದರಿಂದ ಇದು ಕತ್ತರಿಸುವ ಸಾಧನವಲ್ಲ. ಕೊಕ್ಕೆಗಳ ಮೊನೆ ಮೊಂಡು, ಗಾಳದ ಮೊನೆಯಲ್ಲಿರುವಂತೆ ಹಿಮ್ಮುಖದ ಮುಳ್ಳಿಲ್ಲ, ಆದ್ದರಿಂದ ಮೀನಿಗಲ್ಲ. ಕಣ್ಣಿಗೆ ಕಾಣುವುದನ್ನು ಎಳೆಯಲು ಒಂದು ಕೊಕ್ಕೆ ಸಾಕು. ಇಷ್ಟೊಂದು ಕೊಕ್ಕೆಗಳು, ಅದೂ ಎಲ್ಲ ದಿಕ್ಕಿಗೂ, ಎಲ್ಲವೂ ಮೇಲ್ಮುಖವಾಗಿ ಇವೆಯೆಂದರೆ ಇದನ್ನು ಬಳಸುವವರಿಗೆ ತಾವು ಹುಡುಕುವ ವಸ್ತು ಕಾಣಿಸುತ್ತಿರಲಿಲ್ಲ ಎಂದಾಯಿತು. ಜೊತೆಗೆ ಉದ್ದನೆಯ ಹಗ್ಗ ಬೇಕಿತ್ತು. ಕಾಣದ ಜಾಗ, ಉದ್ದನೆಯ ಹಗ್ಗ, ಮೇಲೆತ್ತುವ ಕೊಕ್ಕೆ. ಬಾವಿಗೆ ಬಿದ್ದ ಕೊಡ!

ಇದು ಪಾತಾಳಗರಡಿ. ಹೆಸರು ಕೇಳಿದೊಡನೆ ಅಜ್ಜಿಯರ ಮುಖ ಅರಳುತ್ತದೆ. ಪ್ರತಿ ಮನೆಯಲ್ಲೂ ಇರುತ್ತಿದ್ದ ವಸ್ತು ಇದಲ್ಲ. ಕೇರಿಗೆ ಒಂದೋ ಎರಡೋ. ಹಗ್ಗ ಹರಿದು ಕೊಡ ಮುಳುಗಿದಾಗ ಎರವಲು ತರಬೇಕಿತ್ತು. ಎಷ್ಟೋ ಊರುಗಳಲ್ಲಿ ಒಂದು ಚೊಂಬನ್ನೋ ತಂಬಿಗೆಯನ್ನೋ ಒತ್ತೆಯಿಟ್ಟೇ ಅದನ್ನು ಒಯ್ಯಬೇಕೆಂಬ ಕಟ್ಟಳೆಯಿತ್ತು. ಕೊಡ ಹುಡುಕಲು ಹೋದ ಗರಡಿಯೇ ಬಾವಿ ಸೇರಿದರೆ ಅದನ್ನು ಎತ್ತಲು ಇನ್ನೊಂದು ಗರಡಿ ಎಲ್ಲಿಂದ ತರುವುದು? ಕೊಳವೆಬಾವಿ ಬಂದ ಮೇಲೆ ಸೇದುವ ಬಾವಿಗಳು ಬತ್ತಿದವು, ಇಲ್ಲವೇ ಕಸದ ಗುಂಡಿಗಳಾದವು. ಗರಡಿ ಅಟ್ಟ ಸೇರಿತು.

ಹಳೆಯ ಕೈ ಉಪಕರಣವೊಂದರ ಮೂಲ ಉಪಯೋಗವನ್ನು ಕಂಡುಹಿಡಿಯುವ ದಾರಿ ಹೆಚ್ಚುಕಡಿಮೆ ಇದೇ. ಕೈ ಹಿಡಿಯುವ ಜಾಗ ಯಾವುದು, ಸವೆದ ಜಾಗ ಯಾವುದು, ವಸ್ತು ಸಿಕ್ಕ ಊರು ಯಾವುದು ಎಂದು ನೋಡಬೇಕು. ಹೆಸರು ಆಮೇಲೆ. ಪೊಲೀಸರು ಕಳ್ಳನ ಬೆರಳಚ್ಚು ಹುಡುಕುವಂತೆ ಇದೂ ಒಂದು ಪತ್ತೇದಾರಿ. ವ್ಯತ್ಯಾಸವೆಂದರೆ ಇಲ್ಲಿ ಹುಡುಕುವುದು ದುಡಿದವರ ಕೈಗುರುತನ್ನು.

ಸಿಕ್ಕ ಊರು ಯಾವುದು ಎಂಬುದು ಎಷ್ಟು ಮುಖ್ಯವೆನ್ನುವುದಕ್ಕೆ ದಾವಣಗೆರೆ ಜಿಲ್ಲೆಗಿಂತ ಒಳ್ಳೆಯ ಉದಾಹರಣೆ ಬೇಡ. 1997ರಲ್ಲಿ ಈ ಜಿಲ್ಲೆ ಹುಟ್ಟಿದಾಗ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಿಂದ ಬಂದವು. ಜಗಳೂರು ಚಿತ್ರದುರ್ಗದಿಂದ ಬಂತು. ಹೊನ್ನಾಳಿಯಲ್ಲೇ ಇದ್ದ ನ್ಯಾಮತಿ 2018ರಲ್ಲಿ ಬೇರೆ ತಾಲ್ಲೂಕಾಯಿತು. ಒಂದು ಕಡೆ ಸೂಳೆಕೆರೆಯ ನೀರು, ಭದ್ರಾ ನಾಲೆ, ಅಡಿಕೆ ತೋಟ. ಇನ್ನೊಂದು ಕಡೆ ತುಂಗಭದ್ರೆಯ ದಂಡೆಯ ಭತ್ತದ ಗದ್ದೆ, ಅದರಾಚೆ ಮಳೆಯನ್ನೇ ನಂಬಿದ ಹೊಲ. ಮತ್ತೂ ಪೂರ್ವಕ್ಕೆ ಹೋದರೆ ಕುರಿ ಮೇಯುವ ಒಣ ಬಯಲು. ಮಣ್ಣು ಬದಲಾದಂತೆ ಕಸುಬು, ಕಸುಬು ಬದಲಾದಂತೆ ಕಮ್ಮಾರನ ಕುಲುಮೆಯಿಂದ ಹೊರಬರುವ ಕಬ್ಬಿಣದ ಆಕಾರ. ಒಂದೇ ಬಗೆಯ ಕತ್ತಿ ಚನ್ನಗಿರಿಯಲ್ಲಿ ಸಿಕ್ಕರೆ ಒಂದು ಅರ್ಥ, ಜಗಳೂರಿನಲ್ಲಿ ಸಿಕ್ಕರೆ ಬೇರೊಂದು ಅರ್ಥ.

ಚನ್ನಗಿರಿಯ ಮೆಟ್ಟುಗತ್ತಿಯನ್ನು ತೆಗೆದುಕೊಳ್ಳಿ. ಮರದ ಮಣೆಯ ಮೇಲೆ ನೆಟ್ಟಗೆ ನಿಲ್ಲಿಸಿದ ಅಲಗು. ಪೇಟೆಯ ಮಗು ನೋಡಿದರೆ ತರಕಾರಿ ಹೆಚ್ಚುವ ಈಳಿಗೆ ಮಣೆಯೆಂದೇ ಹೇಳೀತು. ಈಳಿಗೆಯ ಅಲಗು ಅಗಲ, ಕೊಕ್ಕಿನಂತೆ ಬಾಗಿರುತ್ತದೆ, ಒಳಗಡೆಯ ಅಂಚು ಹರಿತ. ಎಷ್ಟೋ ವೇಳೆ ತುದಿಯಲ್ಲಿ ಕಾಯಿ ತುರಿಯುವ ಹಲ್ಲಿರುತ್ತದೆ. ಮೆಟ್ಟುಗತ್ತಿಯ ಅಲಗು ಕಿರಿದು. ಅದು ಅಡಿಕೆಯ ಸಿಪ್ಪೆಯನ್ನು ಕತ್ತರಿಸುವುದಕ್ಕಿಂತ ಹೆಚ್ಚಾಗಿ ಸೀಳಬೇಕು, ಸೀಳಿ ಬಿಡಿಸಬೇಕು. ಒಳಗಿನ ಬೇಳೆಗೆ ಪೆಟ್ಟಾಗಬಾರದು. ಕಾಲಿನಿಂದ ಮಣೆಯನ್ನು ಮೆಟ್ಟಿ ಹಿಡಿದರೆ ಎರಡು ಕೈಗಳೂ ಬಿಡುವಾಗುತ್ತವೆ. ಹಸಿ ಅಡಿಕೆಯನ್ನು ಅಲಗಿಗೆ ಒತ್ತಿ, ತಿರುವಿ, ಬೇಳೆಯನ್ನು ಒಂದು ಕಡೆಗೆ, ಸಿಪ್ಪೆಯನ್ನು ಇನ್ನೊಂದು ಕಡೆಗೆ ಹಾಕುವುದು ರೂಢಿಯಾದ ಕೈಗೆ ಕಣ್ಣು ಮಿಟುಕಿಸುವಷ್ಟು ಹೊತ್ತಿನ ಕೆಲಸ.

ಈಗ ಮಣೆಯನ್ನು ನೋಡಿ. ಅಲಗಿನ ಬುಡದ ಒಂದು ಪಕ್ಕದಲ್ಲಿ ಮರ ನುಣ್ಣಗೆ ತಗ್ಗಾಗಿರುತ್ತದೆ. ಅದು ಪಾದ ಊರಿದ ಜಾಗ. ಕೊಯ್ಲಿನ ತಿಂಗಳುಗಳಲ್ಲಿ ರಾತ್ರಿಯೆಲ್ಲ ದೀಪದ ಬೆಳಕಿನಲ್ಲಿ ಸಾಲಾಗಿ ಕೂತು ಅಡಿಕೆ ಸುಲಿದವರು ಹೆಚ್ಚಾಗಿ ಹೆಣ್ಣುಮಕ್ಕಳು. ಸುಲಿದದ್ದನ್ನು ಡಬ್ಬದಲ್ಲಿ ಅಳೆದು ಕೂಲಿ ಕೊಡುತ್ತಿದ್ದರು. ಎಷ್ಟು ಡಬ್ಬವೋ ಅಷ್ಟು ಕಾಸು. ಮರದಲ್ಲಿ ಉಳಿದ ಆ ತಗ್ಗು ಯಾರದೋ ಹತ್ತಾರು ವರ್ಷಗಳ ಹಿಮ್ಮಡಿ. ಸುಲಿದ ಅಡಿಕೆಯನ್ನು ಚೊಗರಿನಲ್ಲಿ ಬೇಯಿಸಿ ಒಣಗಿಸುವ ಹಂತದಲ್ಲಿ ಬಳಸುತ್ತಿದ್ದ ತೂತಿನ ದೊಡ್ಡ ಸೌಟೂ ಅಟ್ಟಗಳಲ್ಲಿ ಸಿಗುವುದುಂಟು. ಬೂಂದಿ ಕರಿಯುವ ಜಾಲರಿ ಎಂದು ತಪ್ಪು ತಿಳಿಯುವುದು ಸುಲಭ. ಹಿಡಿಯ ಮರವನ್ನು ನೋಡಿದರೆ ಅನುಮಾನ ಪರಿಹಾರವಾಗುತ್ತದೆ. ಎಣ್ಣೆಯ ಜಿಡ್ಡಿನ ಬದಲು ಚೊಗರಿನ ಕೆಂಗಪ್ಪು ಬಣ್ಣ ಹಿಡಿದಿರುತ್ತದೆ.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಸುಲಿಯುವ ಯಂತ್ರಗಳು ಬಂದ ಮೇಲೆ ಮೆಟ್ಟುಗತ್ತಿಗಳು ತೋಟದ ಮನೆಗಳ ಮೂಲೆ ಸೇರಿವೆ. ತೋಟದ ಯಜಮಾನರ ಮೊಮ್ಮಗ ತಾತನನ್ನು ಕೇಳಿದರೆ ತಾತ ಹೆಸರು ಹೇಳುತ್ತಾರೆ, ಉಪಯೋಗವನ್ನೂ ಹೇಳುತ್ತಾರೆ. ಆದರೆ ಅಲಗನ್ನು ಎಷ್ಟು ವಾರೆಯಾಗಿ ನಿಲ್ಲಿಸಬೇಕು, ಎಷ್ಟು ಮೊಂಡಾದರೆ ಮಸೆಯಬೇಕು, ಬಲಗಾಲೋ ಎಡಗಾಲೋ ಎಂದು ಕೇಳಿದರೆ ತಡವರಿಸುವುದೇ ಹೆಚ್ಚು. ಯಾಕೆಂದರೆ ಕೂತು ಸುಲಿದವರು ಅವರಲ್ಲ. ಉಪಕರಣದ ಯಜಮಾನರು ಬೇರೆ, ಅದನ್ನು ಬಲ್ಲವರು ಬೇರೆ. ಶಾಲೆಯ ವಸ್ತುಪ್ರದರ್ಶನಕ್ಕೆ ಹಳೆಯ ಸಾಮಾನು ಕೂಡಿಸುವ ಮಕ್ಕಳು ಎಡವುವುದು ಇಲ್ಲಿಯೇ. ಯಾರ ಮನೆಯಲ್ಲಿ ಸಿಕ್ಕಿತೋ ಅವರನ್ನೇ ಕೇಳಿ ಚೀಟಿ ಬರೆಯುತ್ತಾರೆ. ಊರ ಇನ್ನೊಂದು ತುದಿಯ ಮನೆಯಲ್ಲಿ, ಆ ಮಣೆಯ ಮೇಲೆ ಇಪ್ಪತ್ತು ಕೊಯ್ಲು ಕಳೆದ ಅಜ್ಜಿ ಇನ್ನೂ ಇದ್ದಾರೆ. ಅವರನ್ನು ಕೇಳಲು ಯಾರೂ ಹೋಗುವುದಿಲ್ಲ. ತೊಗಲು ಕೊಯ್ಯುವ ರಂಪಿಗೆ, ಹೊಲಿಯುವ ಉಳಿ ಇವುಗಳ ವಿಷಯದಲ್ಲಂತೂ ಇದು ಇನ್ನೂ ನಿಜ. ಊರಿನ ನೀರಾವರಿಯೇ ಆ ಉಳಿಯ ಮೇಲೆ ನಿಂತಿದ್ದ ಕಾಲವೊಂದಿತ್ತು. ಆ ಮಾತು ಮುಂದೆ ಬರುತ್ತದೆ.

ಹೊನ್ನಾಳಿ, ನ್ಯಾಮತಿ ಕಡೆಯ ಅಟ್ಟಗಳಲ್ಲಿ ಸಿಗುವ ಇನ್ನೊಂದು ಒಗಟು ಮರದ್ದು. ಬೊಗಸೆಯಗಲದ ಬಟ್ಟಲು; ತಳದಲ್ಲಿ ಸುತ್ತಲೂ ಮೂರೋ ನಾಲ್ಕೋ ತೂತು. ಊದಿನಕಡ್ಡಿ ಸಿಕ್ಕಿಸುವುದಕ್ಕೆ ಎನ್ನುತ್ತಾರೆ ಕೆಲವು ಮಕ್ಕಳು. ಒಳಮೈ ಗಾಜಿನಂತೆ ನುಣುಪು, ಹೊರಮೈ ಒರಟು. ಹಾಗಾದರೆ ಒಳಗೆ ಏನೋ ಒಂದು ಸದಾ ಜಾರುತ್ತಿತ್ತು. ತೂತುಗಳ ಅಂಚೂ ಸವೆದು ದುಂಡಗಾಗಿದೆ. ಜಾರಿದ್ದು ತೂತಿನೊಳಕ್ಕೇ ಹೋಗುತ್ತಿತ್ತು. ಇದು ಕೂರಿಗೆಯ ಬಟ್ಟಲು. ಜಾರುತ್ತಿದ್ದದ್ದು ಬೀಜ. ತೂತುಗಳನ್ನು ಎಣಿಸಿದರೆ ಅದು ಎಷ್ಟು ತಾಳಿನ ಕೂರಿಗೆಯೆಂಬುದು ಗೊತ್ತಾಗುತ್ತದೆ, ಒಂದು ತೂತಿಗೆ ಒಂದು ಬಿದಿರಿನ ಕೊಳವೆ, ಒಂದು ಕೊಳವೆಗೆ ಒಂದು ತಾಳು.

ಕೂರಿಗೆ ಕೆಲಸ ಮಾಡುತ್ತಿದ್ದ ರೀತಿ ಮಕ್ಕಳಿಗೆ ತಿಳಿದಿರಬೇಕಾದ್ದು. ಎತ್ತು ಎಳೆಯುತ್ತಿದ್ದಂತೆ ತಾಳುಗಳ ಕಬ್ಬಿಣದ ಮೊನೆ ಮಣ್ಣನ್ನು ಸೀಳಿ ಸಾಲು ತೆರೆಯುತ್ತದೆ. ಹಿಂದೆ ನಡೆಯುವವರು ಮುಷ್ಟಿಯಲ್ಲಿ ಬೀಜ ಹಿಡಿದು ಬೆರಳಸಂದಿಯಿಂದ ಬಟ್ಟಲಿಗೆ ಬಿಡುತ್ತ ಹೋಗುತ್ತಾರೆ. ಬೀಜ ತೂತುಗಳಲ್ಲಿ ಹಂಚಿಹೋಗಿ, ಕೊಳವೆಯಲ್ಲಿ ಇಳಿದು, ಎಲ್ಲ ಸಾಲುಗಳಿಗೂ ಸಮನಾಗಿ, ಒಂದೇ ಆಳಕ್ಕೆ ಬೀಳುತ್ತದೆ. ಹಿಂದೆಯೇ ಬರುವ ಕುಂಟೆ ಮಣ್ಣು ಮುಚ್ಚುತ್ತದೆ. ಸಾಲು ನೆಟ್ಟಗಿರುವುದರಿಂದ ಪೈರು ಬಂದ ಮೇಲೆ ಎಡೆಕುಂಟೆ ಹೊಡೆದು ಕಳೆ ತೆಗೆಯಬಹುದು. ತೊಗರಿಯನ್ನೋ ಅವರೆಯನ್ನೋ ಅಕ್ಕಡಿಯಾಗಿ ಬಿತ್ತಬೇಕಾದರೆ ಕೂರಿಗೆಯ ಹಿಂದೆ ಹಗ್ಗದಿಂದ ಕಟ್ಟಿದ ಒಂಟಿ ಕೊಳವೆ, ಅಂದರೆ ಸೆಡ್ಡೆ, ಬೇರೆ. ಅಟ್ಟದಲ್ಲಿ ಬಾಯಿ ಅಗಲವಾದ, ತುದಿ ಚೂಪಾದ ಒಂದೇ ಒಂದು ಬಿದಿರಿನ ಕೊಳವೆ ಸಿಕ್ಕರೆ ಅದು ಮುರಿದ ಕೊಳಲೆಂದು ಎಸೆಯುವ ಮೊದಲು ಇದನ್ನು ನೆನೆಯಬೇಕು. ಇಡೀ ಯಂತ್ರದಲ್ಲಿ ಕಬ್ಬಿಣವೆಂಬುದು ನಾಲ್ಕು ಬೆರಳಿನಷ್ಟು. ಉಳಿದದ್ದೆಲ್ಲ ಮರ, ಬಿದಿರು, ಹಗ್ಗ, ಮತ್ತೆ ಬೀಜ ಬಿಡುವವರ ಬೆರಳು. ಆ ಬೆರಳು ಒಂದಿಷ್ಟು ತಪ್ಪಿದರೂ ಹೊಲದಲ್ಲಿ ಒಂದು ಕಡೆ ದಟ್ಟ, ಇನ್ನೊಂದು ಕಡೆ ಬೋಳು. ಊರಿಗೆಲ್ಲ ಮೂರು ತಿಂಗಳು ಕಾಣುತ್ತಿತ್ತು!

ಇಂಥ ಸಾಧನವನ್ನು ಕಂಡು ಹೊರಗಿನವರು ಬೆರಗಾಗಿದ್ದರಲ್ಲಿ ಆಶ್ಚರ್ಯವಿಲ್ಲ. ದಕ್ಷಿಣ ಭಾರತದಲ್ಲಿದ್ದ ಕ್ಯಾಪ್ಟನ್ ಥಾಮಸ್ ಹಾಲ್ಕಾಟ್ ಎಂಬ ಇಂಗ್ಲಿಷ್ ಅಧಿಕಾರಿ 1795ರಲ್ಲಿ ಕೂರಿಗೆ ಬೇಸಾಯದ ಬಗ್ಗೆ ಬರೆದ. ಸಾಲು ಬಿತ್ತನೆಯ ಸಾಧನ ಈಚಿನ ಯುರೋಪಿಯನ್ನರ ಸಂಶೋಧನೆಯೆಂದೇ ತಾನು ತಿಳಿದಿದ್ದೆ ಎಂದು ಆತ ಒಪ್ಪಿಕೊಂಡಿದ್ದಾನೆ. ಇದಾದ ಕೆಲವೇ ವರ್ಷಗಳಲ್ಲಿ, 1800-01ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ಊರೂರಿನ ನೇಗಿಲು, ಕುಂಟೆ, ಕೂರಿಗೆಗಳ ವಿವರ ಬರೆದುಕೊಂಡ. 1807ರಲ್ಲಿ ಅಚ್ಚಾದ ಅವನ ಪ್ರವಾಸ ಗ್ರಂಥದಲ್ಲಿ ಉಪಕರಣಗಳ ಚಿತ್ರಗಳೂ ಇವೆ. ಕಂಪನಿ ಸರ್ಕಾರಕ್ಕೆ ಬೇಕಾಗಿದ್ದದ್ದು ಕಂದಾಯದ ಲೆಕ್ಕ, ನಿಜ. ಆದರೂ ಆ ಚಿತ್ರಗಳು ಇಂದು ಅಟ್ಟದ ವಸ್ತುವನ್ನು ಹೋಲಿಸಿ ನೋಡಲು ಉಪಯೋಗಕ್ಕೆ ಬರುತ್ತವೆ.

ಕೂರಿಗೆಯ ಆ ನಾಲ್ಕು ಬೆರಳಿನ ಕಬ್ಬಿಣದ ಮೊನೆಗೂ ಒಂದು ಕಥೆಯುಂಟು. ಕೋಟೆಯಿರುವ ಊರುಗಳಲ್ಲಿ ನೆಲದಲ್ಲಿ ಸಿಕ್ಕ ಚೂಪಾದ ಕಬ್ಬಿಣವೆಲ್ಲ ಪಾಳೆಗಾರರ ಕಾಲದ ಭರ್ಜಿಯೇ ಆಗಿಬಿಡುತ್ತದೆ. ಚನ್ನಗಿರಿಯಲ್ಲಿ ಕೋಟೆಯಿದೆ, ಚಿತ್ರದುರ್ಗ ದೂರವಿಲ್ಲ. ಹುಡುಗರ ಕಣ್ಣಿಗೆ ಕತ್ತಿ ಗುರಾಣಿಗಳು ಕಂಡರೆ ತಪ್ಪಲ್ಲ. ಆದರೆ ಭರ್ಜಿಯ ಮೊನೆಯ ಎರಡೂ ಮಗ್ಗುಲು ಒಂದೇ ಸಮನಾಗಿರುತ್ತವೆ. ಉಳುವ, ಬಿತ್ತುವ ಮೊನೆ ಮಣ್ಣಿಗೆ ಉಜ್ಜಿದ ಕಡೆಯಲ್ಲಿ ಮಾತ್ರ ಸವೆದು, ವಾರೆಯಾಗಿ ತೇದುಹೋಗಿರುತ್ತದೆ. ಯುದ್ಧ ಅಪರೂಪಕ್ಕೆ ಬರುತ್ತಿತ್ತು, ಬಿತ್ತನೆ ವರ್ಷವರ್ಷವೂ ಬರುತ್ತಿತ್ತು. ಸಿಕ್ಕ ಕಬ್ಬಿಣ ಯಾವುದಿರಬಹುದೆಂಬ ಲೆಕ್ಕ ಅಲ್ಲಿಯೇ ಇದೆ.

ಜಗಳೂರಿನ ಬಿಲ್ಲಿಗೂ ಹೀಗೆಯೇ ಬೇಟೆಗಾರನ ಪಟ್ಟ ಸಿಗುತ್ತದೆ. ಗೋಡೆಗೆ ತೂಗುಹಾಕಿದ ಬಿಲ್ಲನ್ನು ತೋರಿಸಿ, ಮುತ್ತಜ್ಜ ಹುಲಿ ಹೊಡೆದದ್ದು ಎಂದು ಹೇಳುವ ಮನೆಗಳಿವೆ. ಬೇಟೆಯ ಬಿಲ್ಲು ಎಳೆದರೆ ಬಾಗಬೇಕು. ಉಣ್ಣೆ ಹಿಂಜುವ ಬಿಲ್ಲು ಬಾಗುವುದಿಲ್ಲ. ಅದರ ಹೆದೆಯನ್ನು ಮೀಟಿದಾಗ ಆ ಅದುರಿಗೆ ಕುರಿಯ ತುಪ್ಪಟ ಬಿಡಿಬಿಡಿಯಾಗಿ ಅರಳಬೇಕು. ಬಡಗಿಯ ಬೈರಿಗೆಯನ್ನು ತಿರುಗಿಸುವ ಬಿಲ್ಲು ಇನ್ನೂ ಒಂದು. ಅದು ಮೊಳದಷ್ಟು ಚಿಕ್ಕದು, ದಾರ ಸಡಿಲ, ಯಾಕೆಂದರೆ ದಾರವನ್ನು ಬೈರಿಗೆಯ ಮೈಗೆ ಒಂದು ಸುತ್ತು ಹಾಕಬೇಕು. ಮೂರು ಬಿಲ್ಲು, ಮೂರು ಕಸುಬು. ಹುಲಿ ಹೊಡೆದ ಬಿಲ್ಲಿಗಿಂತ ಕಂಬಳಿಗೆ ಉಣ್ಣೆ ಹಿಂಜಿದ ಬಿಲ್ಲು ಕಡಿಮೆ ಗೌರವದ್ದೆಂದು ಯಾಕೆ ತಿಳಿಯಬೇಕೋ! ಮಳೆಯಲ್ಲಿ, ಚಳಿಯಲ್ಲಿ, ಕಣದಲ್ಲಿ, ಮದುವೆಯ ಹಸೆಯಲ್ಲಿ ಈ ಸೀಮೆಯ ಜನರಿಗೆ ಒದಗಿ ಬಂದದ್ದು ಕಂಬಳಿ.

ಕಂಬಳಿ ನೇಯುವವರ ಮನೆಯಲ್ಲಿ ಮರದ ಕತ್ತಿಯೂ ಸಿಕ್ಕೀತು. ಬಯಲಾಟದ ವೇಷದ್ದೆಂದು ಭಾವಿಸುವುದು ಸಹಜ. ಬೆಳಕಿಗೆ ಹಿಡಿದು ಅದರ ಅಂಚನ್ನು ನೋಡಿದರೆ ಕೂದಲೆಳೆಯಂಥ ಗೀರುಗಳು ಒತ್ತೊತ್ತಾಗಿ ಕಾಣುತ್ತವೆ. ಹಾಸಿನ ನಡುವೆ ತೂರಿಸಿ ಹೊಕ್ಕನ್ನು ಬಡಿದು ಕೂರಿಸುವಾಗ ನೂಲು ಮರದ ಮೇಲೆ ಬರೆದ ಗೆರೆ ಅದು. ನಾಟಕದ ಕತ್ತಿಗೆ ಬಣ್ಣವಿರುತ್ತದೆ, ಗೆರೆಯಿರುವುದಿಲ್ಲ. ಹಾಸಿಗೆ ಹುಣಸೆಬೀಜದ ಗಂಜಿ ಹಚ್ಚುವ ದೊಡ್ಡ ಕುಂಚವನ್ನು ಸುಣ್ಣದ ಕುಂಚದಿಂದ ಬೇರೆ ಮಾಡುವುದೂ ಹೀಗೆಯೇ. ಎಳೆಗಳ ಬುಡದಲ್ಲಿ ಬಿಳಿ ಸುಣ್ಣದ ಬದಲು ಒಣಗಿ ಗಟ್ಟಿಯಾದ ಕಂದು ಗಂಜಿ ಇರುತ್ತದೆ.

ನೀರಾವರಿಯ ಮಾತು ಉಳಿದಿತ್ತು. ಒಣ ತಾಲ್ಲೂಕುಗಳ ಹಿತ್ತಿಲಲ್ಲಿ ಆಗಾಗ ದೊಡ್ಡ ಕಬ್ಬಿಣದ ಬಳೆಯೊಂದು ಸಿಗುತ್ತದೆ. ಗಾಡಿಯ ಚಕ್ರದ ಪಟ್ಟಿಯಿರಬೇಕೆಂದು ಎಲ್ಲರ ಊಹೆ. ಆದರೆ ಚಕ್ರದ ಪಟ್ಟಿಗೆ ಇದು ತೀರ ಚಿಕ್ಕದು, ನೆಲಕ್ಕೆ ಉಜ್ಜಿದ ಸವೆತವೂ ಇಲ್ಲ. ಇದು ಕಪಿಲೆಯ ಬಾನಿಯ ಬಾಯಿಗೆ ಕೂರಿಸುತ್ತಿದ್ದ ಬಳೆ. ಎತ್ತುಗಳು ಇಳಿಜಾರಿನಲ್ಲಿ ನಡೆದಾಗ ಗಾಲಿಯ ಮೇಲಿನ ಮಿಣಿ ತೊಗಲಿನ ಬಾನಿಯನ್ನು ಬಾವಿಯಿಂದ ಮೇಲೆತ್ತುತ್ತಿತ್ತು. ಬಾನಿಗೆ ಆನೆಯ ಸೊಂಡಿಲಿನಂಥ ಬಾಲ. ಅದನ್ನು ಇನ್ನೊಂದು ಸಣ್ಣ ಹಗ್ಗ ಹಿಡಿದಿರುತ್ತಿತ್ತು. ಮೇಲೆ ಬಂದೊಡನೆ ಬಾಲ ಬಿಚ್ಚಿಕೊಂಡು ನೀರು ತಾನಾಗಿಯೇ ತೊಟ್ಟಿಗೆ ಸುರಿಯುತ್ತಿತ್ತು. ತೊಗಲನ್ನು ಹದ ಮಾಡಿ, ರಂಪಿಗೆಯಲ್ಲಿ ಕೊಯ್ದು, ಒಂದು ಹನಿಯೂ ಸೋರದಂತೆ ಉಳಿಯಿಂದ ಹೊಲಿದುಕೊಟ್ಟವರು ಮಾದಿಗರು. ಪಂಪುಸೆಟ್ಟು ಬಂತು, ತೊಗಲು ಕೊಳೆಯಿತು, ಬಳೆ ಮಾತ್ರ ಉಳಿಯಿತು. ಅದನ್ನು ಚೀಟಿಯಲ್ಲಿ 'ಕಬ್ಬಿಣದ ಬಳೆ' ಎಂದು ಬರೆದರೆ ಸುಳ್ಳೇನೂ ಅಲ್ಲ. ಆದರೆ ಅಷ್ಟರಲ್ಲಿ ಎತ್ತು, ಬಾವಿ, ಹೊಲಿದ ಕೈ ಎಲ್ಲವೂ ಬಿಟ್ಟುಹೋದವು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಕೇಳಲು ಅಜ್ಜ ಅಜ್ಜಿಯರಿರುವ ವಸ್ತುಗಳ ಮಾತು. ಹೇಳುವವರು ಯಾರೂ ಇಲ್ಲದಷ್ಟು ಹಳೆಯ ಉಪಕರಣವಾದರೆ? ಅಂಥವೂ ಈ ನೆಲದಲ್ಲಿವೆ. ಭಾರತದ ಹಳೆಯ ಶಿಲಾಯುಗವನ್ನು ಬೆಳಕಿಗೆ ತಂದವರು ರಾಬರ್ಟ್ ಬ್ರೂಸ್ ಫೂಟ್. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರಂನಲ್ಲಿ ಕಲ್ಲಿನ ಉಪಕರಣವನ್ನು ಗುರುತಿಸಿದ ಈ ಭೂವಿಜ್ಞಾನಿ ಮುಂದೆ ಮೈಸೂರು ಸೀಮೆಯಲ್ಲೂ ಓಡಾಡಿದರು. ಅವರಿಗೆ ಹಳೆಯ ಶಿಲಾಯುಗದ ಉಪಕರಣಗಳು ದೊರೆತ ಊರುಗಳ ಪಟ್ಟಿಯಲ್ಲಿ ನ್ಯಾಮತಿಯ ಹೆಸರೂ ಇದೆ. ಹೊಳೆಯಾಚೆ, ಹಾವೇರಿ ಜಿಲ್ಲೆಗೆ ಸೇರಿದ ಹಳ್ಳೂರಿನಲ್ಲಿ ಎಂ.ಎಸ್. ನಾಗರಾಜರಾವ್ 1965ರಲ್ಲಿ ಉತ್ಖನನ ನಡೆಸಿದಾಗ ಉಜ್ಜಿ ನುಣುಪು ಮಾಡಿದ ಹೊಸ ಶಿಲಾಯುಗದ ಕೊಡಲಿಗಳ ಕಾಲದಿಂದ ಕಬ್ಬಿಣದ ಕಾಲದವರೆಗಿನ ಬದುಕಿನ ಪದರಗಳು ಒಂದರ ಮೇಲೊಂದು ಕಂ‍ಡುಬಂದವು. ತುಂಗಭದ್ರೆಯ ದಂಡೆಯಲ್ಲಿ ಕಲ್ಲಿನ ಉಪಕರಣ ಕಬ್ಬಿಣಕ್ಕೆ ಎಡೆ ಬಿಟ್ಟುಕೊಟ್ಟದ್ದು ಕಣ್ಣಿಗೆ ಕಾಣುವಂತಾದದ್ದು ಅಲ್ಲಿ.

ಇಂಥ ಕಲ್ಲಿನ ಕೊಡಲಿಗಳ ಉಪಯೋಗ ಮರೆತುಹೋದ ಮೇಲೆ ಜನ ಏನೆಲ್ಲ ಊಹಿಸಿದರು! ಯುರೋಪಿನ ಹಳ್ಳಿಗರು ಅವು ಸಿಡಿಲಿನ ಜೊತೆ ಆಕಾಶದಿಂದ ಬಿದ್ದವೆಂದು ನಂಬಿ, ಮನೆಗೆ ಸಿಡಿಲು ಬಡಿಯದಿರಲೆಂದು ಸೂರಿನಲ್ಲಿ ಸಿಕ್ಕಿಸುತ್ತಿದ್ದರು. ವಿದ್ವಾಂಸರ ಊಹೆಗಳೂ ಬಹುಕಾಲ ಆಕಾರ ನೋಡಿ ಹೇಳಿದ ಊಹೆಗಳೇ. ಸೋವಿಯತ್ ವಿದ್ವಾಂಸ ಸೆರ್ಗೆಯ್ ಸೆಮ್ಯೊನೊವ್ ಕಲ್ಲಿನ ಅಂಚನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಸವೆತದ ಗೀರುಗಳನ್ನು ಓದಲು ಆರಂಭಿಸಿದರು. ಈ ಬಗ್ಗೆ ಅವರ ಪುಸ್ತಕ 1957ರಲ್ಲಿ ರಷ್ಯನ್ ಭಾಷೆಯಲ್ಲಿ, 1964ರಲ್ಲಿ ಇಂಗ್ಲಿಷಿನಲ್ಲಿ ಬಂತು. ಹೊಸದಾಗಿ ಮಾಡಿದ ಕಲ್ಲಿನ ಅಲಗಿನಿಂದ ಮರ ಕೆತ್ತಿ, ತೊಗಲು ಹೆರೆದು, ಹುಲ್ಲು ಕೊಯ್ದು, ಆಗ ಮೂಡುವ ಗುರುತನ್ನು ಹಳೆಯ ಗುರುತಿನ ಜೊತೆ ಹೋಲಿಸಿ ನೋಡುವುದು ಈ ವಿಧಾನ. ಪೈರು ಕೊಯ್ದ ಕಲ್ಲಿನ ಅಲಗಿಗೆ ಒಂದು ಬಗೆಯ ಹೊಳಪು ಬಂದಿರುತ್ತದೆ. ಹುಲ್ಲಿನ ಜಾತಿಯ ಗಿಡಗಳ ಕಾಂಡದಲ್ಲಿರುವ ಸಿಲಿಕಾ ಕಲ್ಲನ್ನು ಉಜ್ಜಿ ಉಜ್ಜಿ ತಂದ ಹೊಳಪು ಅದು. ಭತ್ತದ ಹುಲ್ಲಿನಲ್ಲೂ ಅದೇ ಸಿಲಿಕಾ ಇದೆ. ಹೊನ್ನಾಳಿಯ ಗದ್ದೆಯಲ್ಲಿ ಕೊಯ್ಲು ಮಾಡುವವರು ದಿನಕ್ಕೆ ಎಷ್ಟು ಸಲ ಕುಡುಗೋಲು ಮಸೆಯಬೇಕಾಗಿತ್ತೆಂದು ಕೇಳಿ ನೋಡಿ, ಪಾಠದ ಪುಸ್ತಕದ ಸಿಲಿಕಾ ಕಣ್ಣೆದುರು ನಿಲ್ಲುತ್ತದೆ. ಮಸೆದ ಗುರುತು ಯಾವ ಮಗ್ಗುಲಲ್ಲಿದೆ ಎಂಬುದರಿಂದ ಎಡಗೈಯವರ ಕುಡುಗೋಲನ್ನೂ ಪತ್ತೆ ಹಚ್ಚಬಹುದು.

ಸವೆತವೇ ಸಾಕ್ಷಿಯಾದ್ದರಿಂದ ಅದನ್ನು ಅಳಿಸಬಾರದು. ವಸ್ತುಪ್ರದರ್ಶನದ ಉತ್ಸಾಹದಲ್ಲಿ ಮಕ್ಕಳು ಮಾಡುವ ಮೊದಲ ಕೆಲಸವೆಂದರೆ ಮರಳು ಕಾಗದದಿಂದ ಉಜ್ಜುವುದು, ಆಮೇಲೆ ಬಣ್ಣ ಬಳಿಯುವುದು. ಚೊಗರು, ಗಂಜಿ, ಗೀರು, ಪಾದದ ತಗ್ಗು ಎಲ್ಲವೂ ಬಣ್ಣದ ಅಡಿಗೆ ಹೋಗುತ್ತವೆ. ಒಣಬಟ್ಟೆಯಿಂದ ಧೂಳು ಒರೆಸಿದರೆ ಸಾಕು. ಸಿಕ್ಕ ಊರು, ಸಿಕ್ಕ ಜಾಗ, ಹೇಳಿದವರು ಬಳಸಿದ ಹೆಸರು ಇವನ್ನು ಅಂದೇ ಬರೆದಿಡಬೇಕು. ಹೆಸರನ್ನು ಅವರು ಅಂದಂತೆಯೇ ಬರೆಯಬೇಕು. 'ಬಟ್ಲು' ಎಂದರೆ ಬಟ್ಲು, ತಿದ್ದಬಾರದು. ಒಂದೇ ಸಾಧನಕ್ಕೆ ಚನ್ನಗಿರಿಯಲ್ಲಿ ಒಂದು ಹೆಸರು, ಜಗಳೂರಿನಲ್ಲಿ ಇನ್ನೊಂದು ಹೆಸರಿದ್ದರೆ ಎರಡೂ ಸರಿ. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ 1968ರಲ್ಲಿ ಆರಂಭವಾದಾಗ ಅದಕ್ಕಾಗಿ ಊರೂರು ಅಲೆದು ವಸ್ತುಗಳನ್ನು ಕೂಡಿಸಿದ ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ ಇದೇ ಚಿತ್ರದುರ್ಗ ಸೀಮೆಯ ಹರ್ತಿಕೋಟೆಯವರು. 1994ರಲ್ಲಿ ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವೂ ಇದೆ. ಪ್ರವಾಸಕ್ಕೆ ಅಲ್ಲಿಗೆ ಹೋಗುವ ಶಾಲೆಗಳು ತಮ್ಮೂರಿನ ಅಟ್ಟದ ವಸ್ತುಗಳ ಚಿತ್ರಗಳನ್ನು ಜೊತೆಗೆ ಒಯ್ದರೆ ಹೋಲಿಸಿ ನೋಡಲು ಅನುಕೂಲ.

ಹಿರಿಯರನ್ನು ಕೇಳುವುದರಲ್ಲೂ ಒಂದು ಕ್ರಮವಿದೆ. ವಸ್ತುವನ್ನು ದೂರದಿಂದ ತೋರಿಸಿ 'ಇದೇನು?' ಎಂದರೆ ಎಷ್ಟೋ ಸಲ 'ಮರೆತೋಯ್ತು ಕಣಪ್ಪ' ಎಂಬ ಉತ್ತರ ಬರುತ್ತದೆ. ಅದನ್ನು ಅವರ ಕೈಗೆ ಕೊಡಬೇಕು, ಕೊಟ್ಟು ಸ್ವಲ್ಪ ಹೊತ್ತು ಸುಮ್ಮನಿರಬೇಕು. ಬಾಯಿಗೆ ಹೆಸರು ಬರುವ ಮೊದಲೇ ಬೆರಳುಗಳು ತಮ್ಮ ಜಾಗ ಹುಡುಕಿಕೊಳ್ಳುತ್ತವೆ. ಮೆಟ್ಟುಗತ್ತಿಯಾದರೆ ಕಾಲು ತಾನಾಗಿ ಮುಂದೆ ಬರುತ್ತದೆ. ಕೂರಿಗೆಯ ಬಟ್ಟಲಾದರೆ ಬಲಗೈ ಮುಷ್ಟಿ ಕಟ್ಟಿಕೊಂಡು, ಹೆಬ್ಬೆರಳು ತೋರುಬೆರಳುಗಳ ನಡುವೆ ಇಲ್ಲದ ಬೀಜ ಉದುರತೊಡಗುತ್ತದೆ. ಆ ಚಲನೆಯನ್ನು ಮೊಬೈಲ್ ಫೋನಿನಲ್ಲಿ ಚಿತ್ರೀಕರಿಸಿಕೊಳ್ಳಲು ಇಂದಿನ ಮಕ್ಕಳಿಗೆ ಎರಡು ನಿಮಿಷ ಸಾಕು. ಈ ಬೇಸಿಗೆ ರಜೆಗೆ ಊರಿಗೆ ಹೋಗುವವರು ಗುಜರಿಯವನು ಯಾವ ವಾರ ಬರುತ್ತಾನೆಂದು ಮೊದಲು ವಿಚಾರಿಸಿಕೊಂಡು, ಅದಕ್ಕೆ ಎರಡು ದಿನ ಮುಂಚಿತವಾಗಿ ಹೊರಡುವುದು ಒಳ್ಳೆಯದು.